‘ಸ್ಟೇಟ್’ ಅಂದರೆ ರಾಜ್ಯ ಅಂದುಕೊಂಡಿದ್ದೆ

ಪಿಯುಸಿಯ ಮೊದಲ ಕಿರುಪರೀಕ್ಷೆ. ಭೌತಶಾಸ್ತ್ರದ ಪತ್ರಿಕೆಯಲ್ಲಿ ‘ಸ್ಟೇಟ್ ನ್ಯೂಟನ್ಸ್ ಫಸ್ಟ್ ಲಾ’ ಅಂತಿತ್ತು. ನ್ಯೂಟನ್‌ಗೂ ರಾಜ್ಯಕ್ಕೂ ಏನು ಸಂಬಂಧ ಎಂದು ತಲೆ ಕೆರೆದುಕೊಂಡು ಪ್ರಶ್ನೆಯನ್ನೇ ಬಿಟ್ಟು ಬಂದೆ. ನಿಯಮ ಮಾತ್ರ ಬಾಯಿಪಾಠವಾಗಿತ್ತು, ಕನ್ನಡದಲ್ಲಿ.

ನಾನು ಹುಣಸೂರು ಕಡೆಯ ಹಳ್ಳಿಯವಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಸರ್ಕಾರಿ ಶಾಲೆಗಳಲ್ಲಿ 2007ರಿಂದಲೇ ಒಂದನೇ ತರಗತಿಗೆ ಇಂಗ್ಲಿಷ್ ಇದೆ, ನಾನೂ ಹತ್ತು ವರ್ಷ ಓದಿದ್ದೇನೆ. ಆದರೆ ಅದು ಪದ್ಯ, ಪತ್ರಲೇಖನದ ಇಂಗ್ಲಿಷ್. ‘ಡಿರೈವ್’, ‘ಜಸ್ಟಿಫೈ’ ಎನ್ನುವವು ನನಗೆ ಎದುರಾಗಿದ್ದೇ ವಿಜ್ಞಾನದ ಪ್ರಶ್ನೆಪತ್ರಿಕೆಯಲ್ಲಿ. ಅರ್ಥವಾಗಲಿಲ್ಲ ಎಂದು ಕೈ ಎತ್ತಲು ನಾಚಿಕೆ. ಹೆಚ್ಚೂಕಡಿಮೆ ಆರು ತಿಂಗಳು ತರಗತಿಯಲ್ಲಿ ಬಾಯಿ ಬಿಡಲಿಲ್ಲ.

ಒಂದು ದಿನ ಲೆಕ್ಚರರ್, ‘ಯಾರ ಮನೇಲಿ ತಂಬಾಕಿನ ಬ್ಯಾರನ್ ಇದೆ?’ ಅಂದರು. ಅರ್ಧ ಕ್ಲಾಸು ಕೈ ಎತ್ತಿತು. ಕೆಳಗಿನ ಕೊಳವೆ ಕಾಯುತ್ತದೆ, ಬಿಸಿಗಾಳಿ ಮೇಲೇರಿ ಸೊಪ್ಪಿನ ನಡುವೆ ಹಾದು ಮೇಲಿನ ಕಿಂಡಿಯಿಂದ ತೇವದ ಸಮೇತ ಹೊರಗೆ ಹೋಗುತ್ತದೆ. ಅಪ್ಪ ರಾತ್ರಿಯೆಲ್ಲ ಎದ್ದೆದ್ದು ಥರ್ಮಾಮೀಟರ್ ನೋಡುವುದನ್ನು ಕಂಡು ಬೆಳೆದವಳು ನಾನು, ಎದ್ದು ನಿಂತು ಅಷ್ಟನ್ನೂ ಕನ್ನಡದಲ್ಲೇ ಹೇಳಿದೆ. ‘ಇದೇ ಕಣಮ್ಮ ಕನ್ವೆಕ್ಷನ್’ ಎಂದು ಬೋರ್ಡಿನ ಮೇಲೆ ಬರೆದರು. ಆ ಪದ ಇನ್ನು ಸಾಯುವವರೆಗೂ ಮರೆಯಲ್ಲ.

ಈಗ ಹಾಸ್ಟೆಲ್‌ನ ರೂಮ್‌ಮೇಟ್ ಎಚ್‌.ಡಿ. ಕೋಟೆಯ ಜೇನುಕುರುಬರ ಹಾಡಿಯವಳು. ನನ್ನ ಕಥೆ ಕೇಳಿ ನಕ್ಕಳು. ‘ನಿಂಗೆ ಇಂಗ್ಲಿಷ್ ಎರಡನೇದು, ನಂಗೆ ಮೂರನೇದು ಕಣೇ. ಒಂದನೇ ಕ್ಲಾಸಲ್ಲಿ ಮೇಷ್ಟ್ರ ಕನ್ನಡವೇ ಅರ್ಥ ಆಗ್ತಿರಲಿಲ್ಲ.’ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಾರ್ಡು ಹಿಡಿದು ಕಲಿಯುವ ‘ನಲಿ-ಕಲಿ’ 1995ರಲ್ಲಿ ಶುರುವಾಗಿದ್ದು ಅವಳದೇ ತಾಲ್ಲೂಕಿನಲ್ಲಿ. ಆಮೇಲೆ ಅದು ಇಡೀ ರಾಜ್ಯಕ್ಕೆ ಹೋಯಿತು. ಆದರೆ ಪಿಯುಸಿಗೆ ಬಂದಾಗ ಯಾವ ಕಾರ್ಡೂ ಇರುವುದಿಲ್ಲ, ನೇರ ನೀರಿಗೆ ತಳ್ಳುತ್ತಾರೆ.

ಇಂಗ್ಲಿಷ್ ಬೇಡ ಎನ್ನುವ ಧೈರ್ಯ ನನಗಿಲ್ಲ. ಮುಂದಿನ ವರ್ಷ ಕ್ಯಾಂಪಸ್ ಇಂಟರ್‌ವ್ಯೂ ಇದೆ. 2019ರಲ್ಲಿ ಸರ್ಕಾರ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದಾಗ ಅಪ್ಪ ತಮ್ಮನನ್ನು ಅಲ್ಲಿಗೇ ಸೇರಿಸಿದರು, ನಾನೇ ಹಟ ಮಾಡಿದ್ದು. ಈಗ ಅವನು ಆರನೇ ತರಗತಿ. ಹೋದ ಭಾನುವಾರ ಜಗಲಿಯಲ್ಲಿ ಕೂತು ‘ರೂಟ್ಸ್ ಅಬ್ಸಾರ್ಬ್ ವಾಟರ್’ ಎಂದು ಗಟ್ಟಿಯಾಗಿ ಉರು ಹೊಡೆಯುತ್ತಿದ್ದ.

‘ಅಬ್ಸಾರ್ಬ್ ಅಂದ್ರೇನೋ?’

ಸುಮ್ಮನಾದ. ಆ ಮೌನ ನನಗೆ ಚೆನ್ನಾಗಿ ಗೊತ್ತು. ಬಕೆಟ್ಟಿನ ನೀರಿಗೆ ಒಣಬಟ್ಟೆಯ ತುದಿ ಅದ್ದಿ ತೋರಿಸಿದೆ. ‘ಓ, ಹೀರೋದು!’ ಅಂದ. ನೀರು ಬಟ್ಟೆಯಲ್ಲಿ ಮೇಲೇರುವುದನ್ನೇ ನೋಡುತ್ತಾ ಕೇಳಿದ:

‘ಅಕ್ಕ, ಹಂಗಾದ್ರೆ ತೆಂಗಿನಮರದ ತುದೀವರ್ಗೂ ನೀರು ಹೆಂಗೆ ಹತ್ತುತ್ತೆ?’

ನನಗೆ ಪೂರ್ತಿ ಗೊತ್ತಿರಲಿಲ್ಲ. ಇಬ್ಬರೂ ಕೂತು ಅವನ ಪುಸ್ತಕ ತೆರೆದೆವು.