ಅಟ್ಟದ ಮೇಲಣ ಕುಂಬಳಕಾಯಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದೊಡನೆ ತೆಂಗಿನ ಮಾತು ಬರುತ್ತದೆ. ಕುಂಬಳಕಾಯಿಯ ಮಾತನ್ನು ಯಾರೂ ಎತ್ತುವುದಿಲ್ಲ. ಆದರೆ ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಇವೆರಡೂ ಒಂದೇ ಅಟ್ಟದ ಒಕ್ಕಲುಗಳು. ಉಂಡೆಕೊಬ್ಬರಿಗೆಂದು ಅಟ್ಟಕ್ಕೇರಿಸಿದ ಕಾಯಿಯ ನೀರು ಇಂಗಿ ಗಿಟಕಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಅಲ್ಲಿಯವರೆಗೆ ಅದರಿಂದ ಕೈಗೆ ಕಾಸು ಬಾರದು. ಮುಂಗಾರಿನಲ್ಲಿ ತಿಪ್ಪೆಯ ಮಗ್ಗುಲಲ್ಲಿ ಊರಿದ ಕುಂಬಳದ ಬೀಜವಾದರೋ ದೀಪಾವಳಿಯ ಹೊತ್ತಿಗೆ ಬಲಿತ ಕಾಯಿ ಕೊಟ್ಟು, ತರಕಾರಿ ದುಬಾರಿಯಾಗುವ ಬೇಸಗೆಯ ಮೊದಲಿನವರೆಗೂ ಅಡಿಗೆಮನೆಯನ್ನು ನಡೆಸುತ್ತದೆ.

ಬೂದುಗುಂಬಳ ಏಷ್ಯದ ಬಳ್ಳಿ. ಸಿಹಿಗುಂಬಳ ಅಮೆರಿಕ ಖಂಡದಿಂದ ಕಡಲು ದಾಟಿ ಬಂದುದು. ಇಂಗ್ಲಿಷಿನಲ್ಲಿ ಈ ಜಾತಿಗೆ ‘ಚಳಿಗಾಲದ ಕುಂಬಳ’ ಎಂಬರ್ಥದ ಹೆಸರುಂಟು. ಚಳಿಗಾಲದಲ್ಲಿ ಬೆಳೆಯುವುದರಿಂದಲ್ಲ, ಚಳಿಗಾಲ ಕಳೆಯುವವರೆಗೆ ಕೆಡದೆ ಉಳಿಯುವುದರಿಂದ ಆ ಹೆಸರು. ನಮ್ಮ ಅಟ್ಟಕ್ಕೂ ಈ ಗುಣವೇ ಮುಖ್ಯ.

ಉಳಿಯುವ ಕಾಯಿಯನ್ನು ಆರಿಸುವಾಗಲೇ ಗುರುತಿಸಬೇಕು. ಸಂತೆಯಲ್ಲಿ ಜನ ಬಣ್ಣ ನೋಡುತ್ತಾರೆ, ನೋಡಬೇಕಾದುದು ತೊಟ್ಟನ್ನು. ಅದು ಒಣಗಿ ಬೆಂಡಿನಂತಾಗಿರಬೇಕು. ಉಗುರು ಒತ್ತಿದರೆ ಸಿಪ್ಪೆಯೊಳಗೆ ಇಳಿಯಬಾರದು. ಗಾತ್ರಕ್ಕಿಂತ ತೂಕ ಹೆಚ್ಚೆನಿಸಬೇಕು. ನೆಲಕ್ಕೆ ತಾಗಿದ ಮಗ್ಗುಲು ಬಿಳಿಚಿಕೊಂಡಿರದೆ ಅರಿಸಿನ ಬಣ್ಣಕ್ಕೆ ತಿರುಗಿರಬೇಕು. ಬೂದುಗುಂಬಳಕ್ಕಾದರೆ ಮೈಮೇಲಿನ ಬೂದಿಯೇ ಸಾಕ್ಷಿ; ಆ ಬೂದಿ ಒಂದು ಬಗೆಯ ಮೇಣ, ಒಳಗಿನ ತೇವವನ್ನು ಕಾಯುತ್ತದೆ. ಅದನ್ನು ಒರೆಸಿ ಹೊಳಪು ಮಾಡಿ ಮಾರುವವರೂ ಇದ್ದಾರೆ!

ತೊಟ್ಟನ್ನು ಎರಡು ಮೂರು ಅಂಗುಲ ಬಿಟ್ಟು ಕೊಯ್ಯಬೇಕು, ಆದರೆ ತೊಟ್ಟು ಹಿಡಿದು ಎತ್ತಬಾರದು. ಅದು ಮುರಿದರೆ ಕೊಳೆತ ಅಲ್ಲಿಂದಲೇ ಒಳಗಿಳಿಯುತ್ತದೆ. ಬಳಿಕ ವಾರ ಹತ್ತು ದಿನ ಗಾಳಿಯಾಡುವ ಬೆಚ್ಚನೆಯ ಜಾಗದಲ್ಲಿ ಆರಗೊಟ್ಟರೆ ಸಿಪ್ಪೆ ಗಡುಸಾಗಿ ಸಣ್ಣ ಗೀರುಗಳು ಮಾಯುತ್ತವೆ. ಅಟ್ಟದಲ್ಲಿ ಒಂದಕ್ಕೊಂದು ತಾಗದಂತೆ, ಹುಲ್ಲಿನ ಮೇಲೆ ಇಡಬೇಕು. ತೆಂಗಿನ ರಾಶಿಯ ಮೇಲಂತೂ ಕೂಡದೆಂಬುದು ನಮ್ಮ ಅಜ್ಜಿಯ ಕಟ್ಟಪ್ಪಣೆ: ಒಂದು ಕುಂಬಳ ಕೊಳೆತು ನೀರು ಸುರಿದರೆ ಕೆಳಗಿನ ಕಾಯಿಗಳು ಕೆಟ್ಟು ವರ್ಷದ ಗಳಿಕೆಯೇ ಹೋದೀತು. ವಾರಕ್ಕೊಮ್ಮೆ ಅಟ್ಟ ಹತ್ತಿ ಒಂದೊಂದನ್ನೂ ಹೊರಳಿಸಿ ನೋಡುತ್ತಿದ್ದರು.

ಈಗ ತಾರಸಿ ಮನೆಗಳಲ್ಲಿ ಅಟ್ಟವೇ ಇಲ್ಲ. ಹಾಗೆಂದು ಇಡೀ ಕಾಯಿಯನ್ನು ಫ್ರಿಜ್ಜಿಗೆ ಸೇರಿಸುವುದು ತರವಲ್ಲ. 10 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಮೆಯ ಚಳಿಯಲ್ಲಿ ಬಹುದಿನ ಇದ್ದರೆ ಅದು ಒಳಗೊಳಗೇ ಹಾಳಾಗುತ್ತದೆ. ಕತ್ತಲೆಯ ಒಣ ಮೂಲೆಯಲ್ಲಿ ಹಲಗೆಯ ಮೇಲಿಡಬಹುದು. ತೊಲೆಯಿದ್ದರೆ ನಾರಿನ ಹಗ್ಗದ ಬಲೆಯಲ್ಲಿ ತೂಗುಬಿಡಬಹುದು. ಸಣ್ಣ ಸಂಸಾರದವರಿಗೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸೂರ್ಯಮುಖಿ’ ತಳಿ ಒಳ್ಳೆಯದು. ಅದರ ಕಾಯಿ ಒಂದು ಒಂದೂವರೆ ಕಿಲೋ ತೂಗುವುದರಿಂದ ಹೋಳು ಉಳಿಸುವ ಚಿಂತೆ ಕಡಮೆ. ದೊಡ್ಡದನ್ನು ಹೆಚ್ಚಿದರೆ ಬೀಜ, ತಿರುಳನ್ನು ಮೊದಲು ತೆಗೆದುಬಿಡಬೇಕು, ಕೊಳೆಯುವುದು ಅಲ್ಲಿಂದ.

ಇಡೀ ಕುಂಬಳವನ್ನು ಹೆಂಗಸರು ಒಡೆಯಬಾರದೆಂಬ ರೂಢಿ ಅನೇಕ ಮನೆಗಳಲ್ಲಿದೆ. ಅಜ್ಜಿ ಮಾತ್ರ ಗಂಡಸರು ತೋಟದಿಂದ ಬರಲೆಂದು ಕಾದು ಕುಳಿತದ್ದನ್ನು ನಾನು ಕಾಣೆ.

ಅಟ್ಟದಲ್ಲಿ ಕೆಲಕಾಲ ಇದ್ದ ಕಾಯಿಯಲ್ಲಿ ಪಿಷ್ಟ ಸಕ್ಕರೆಯಾಗುವುದರಿಂದ ಬೆಲ್ಲ ಕಡಮೆ ಸಾಕು. ಸಿಪ್ಪೆ ಸಮೇತ ದಪ್ಪ ಹೋಳು ಮಾಡಿ, ಸಾಸಿವೆ ಒಣಮೆಣಸಿನಕಾಯಿ ಒಗ್ಗರಣೆಗೆ ಹಾಕಿ, ನೀರು ಚಿಮುಕಿಸಿ ಮುಚ್ಚಿದರೆ ತನ್ನ ನೀರಿನಲ್ಲೇ ಬೇಯುತ್ತದೆ. ಇಳಿಸುವಾಗ ಕೊಬ್ಬರಿ ತುರಿ. ರುಚಿಗಷ್ಟೇ ಅಲ್ಲ, ಹಳದಿ ತಿರುಳಿನ ಕ್ಯಾರೊಟಿನ್ ಮೈಗೆ ಹತ್ತಲು ಕೊಬ್ಬಿನ ಅಂಶ ಬೇಕು. ಬೂದುಗುಂಬಳ ಮಜ್ಜಿಗೆಹುಳಿಗೆ ಹೇಳಿಸಿದ್ದು. ಎಸಳು ಬಾಯಿಗಿಟ್ಟಾಗ ಕಹಿಯೆನಿಸಿದರೆ ಬೆಲ್ಲ ಹಾಕಿ ಸರಿಮಾಡುವ ಗೊಡವೆ ಬೇಡ. ಆ ಕಹಿ ಹೊಟ್ಟೆ ಕೆಡಿಸುವಂಥದು, ತಿಪ್ಪೆಗೆ ಹಾಕಬೇಕು.