ಜಲ್ಲಿ ಒಡೆದ ಕೂಲಿಯ ಲೆಕ್ಕ

ಮೈಸೂರು ಸೀಮೆಯನ್ನು ಬರಿದು ಮಾಡಿದ 1876–78ರ ಧಾತು–ಈಶ್ವರ ಬರದಲ್ಲಿ ಜನ ಲಕ್ಷಗಟ್ಟಲೆ ಸತ್ತರು. ಸುಮಾರು ನೂರು ವರ್ಷದ ನಂತರ, 1972–73ರಲ್ಲಿ, ಮಹಾರಾಷ್ಟ್ರದಲ್ಲಿ ಮೂರನೇ ವರ್ಷವೂ ಬರ ಬಿದ್ದಾಗ ಅಂಥ ಸಾವುಗಳಾಗಲಿಲ್ಲ. ಏಕೆ? ಈ ಪ್ರಶ್ನೆಯನ್ನು ಬಿಡದೆ ಕೆದಕಿದವರು ಅರ್ಥಶಾಸ್ತ್ರಜ್ಞ ಜಾನ್ ಡ್ರೇಜ್. 1959ರಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿ, ಎಸೆಕ್ಸ್‌ನಲ್ಲಿ ಗಣಿತದ ಅರ್ಥಶಾಸ್ತ್ರ ಕಲಿತು, ದೆಹಲಿಯಲ್ಲಿ ಪಿಎಚ್‌.ಡಿ. ಮಾಡಿ, 2002ರಲ್ಲಿ ಭಾರತದ ಪ್ರಜೆಯಾದವರು. ಅವರಿಗೆ ಉತ್ತರ ಸಿಕ್ಕಿದ್ದು ರಸ್ತೆ ಬದಿಯ ಜಲ್ಲಿ ರಾಶಿಯಲ್ಲಿ. 1973ರ ಬೇಸಿಗೆಯಲ್ಲಿ ಮಹಾರಾಷ್ಟ್ರದ ಬರ ಪರಿಹಾರ ಕಾಮಗಾರಿಗಳಲ್ಲಿ ದುಡಿದವರು ಸುಮಾರು 50 ಲಕ್ಷ. ಕಲ್ಲು ಒಡೆದ ಹೆಂಗಸಿನ ಸೆರಗಿನ ಗಂಟಿಗೆ ಕಾಸು ಬಿತ್ತು, ಆ ಕಾಸಿಗೆ ಸಂತೆಯಲ್ಲಿ ಜೋಳ ಸಿಕ್ಕಿತು. ಪಡಿತರದ ಪಾಲೂ ಇತ್ತೆನ್ನಿ. ಆದರೆ ಕೊಳ್ಳುವ ಶಕ್ತಿ ಕೊಟ್ಟಿದ್ದು ಕೂಲಿ. ಇನ್ನೊಂದು ಅನುಕೂಲವೂ ಇತ್ತು: ಬಡವರು ಯಾರೆಂದು ಅಧಿಕಾರಿ ತೀರ್ಮಾನಿಸಬೇಕಿರಲಿಲ್ಲ. ಸುಡುಬಿಸಿಲಲ್ಲಿ ಸುತ್ತಿಗೆ ಹಿಡಿಯಲು ಉಳ್ಳವರು ಬರುವುದಿಲ್ಲ.

ಬರ ಕಾಮಗಾರಿಯ ತೊಡಕೆಂದರೆ ಅದು ಸರ್ಕಾರದ ಮರ್ಜಿ. ಮಹಾರಾಷ್ಟ್ರ 1977ರಲ್ಲಿ ಅದನ್ನು ಕಾನೂನಿಗೆ ಕಟ್ಟಿಹಾಕಿತು. ಡ್ರೇಜ್ ಕರಡಿನ ಹಂತದಿಂದಲೇ ದುಡಿದ 2005ರ ಕೇಂದ್ರದ ಉದ್ಯೋಗ ಖಾತ್ರಿ ಕಾಯ್ದೆ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸದ ಭರವಸೆ ಕೊಟ್ಟು, ಗುತ್ತಿಗೆದಾರನನ್ನು ಹೊರಗಿಟ್ಟಿತು. 2006ರ ಫೆಬ್ರುವರಿಯಲ್ಲಿ ಅದು ಶುರುವಾದ 200 ಜಿಲ್ಲೆಗಳಲ್ಲಿ ನಮ್ಮ ಬೀದರ್, ರಾಯಚೂರು, ಚಿತ್ರದುರ್ಗಗಳೂ ಇದ್ದವು. ‘ಖಾತ್ರಿ ಬಂದಮೇಲೆ ಆಳೇ ಸಿಗುವುದಿಲ್ಲ’ ಎಂಬ ರೈತರ ದೂರು ಪೂರ್ತಿ ಸುಳ್ಳಲ್ಲ. ಕೂಲಿ ಏರಿದರೆ ಸಣ್ಣ ಹಿಡುವಳಿಗೂ ಬಿಸಿ ತಟ್ಟುತ್ತದೆ. ಆದರೆ ಕೊಟ್ಟಷ್ಟಕ್ಕೆ ದುಡಿಯುತ್ತಿದ್ದವರಿಗೆ ‘ಒಲ್ಲೆ’ ಎನ್ನುವ ಧೈರ್ಯ ಬಂದಿದ್ದರೆ ಕಾಯ್ದೆ ಕೆಲಸ ಮಾಡಿದೆ ಎಂದೇ ಅರ್ಥ. ರೈತನ ನಷ್ಟವನ್ನು ಬೆಳೆಯ ಬೆಲೆಯಲ್ಲಿ ತುಂಬಿಕೊಡಬೇಕು, ಕೂಲಿಯವರ ಹೊಟ್ಟೆಗೆ ಹೊಡೆದಲ್ಲ.

ಡ್ರೇಜ್‌ರಂತೆ ಧರಣಿಯಲ್ಲಿ ಕೂರುವ ಪ್ರಾಧ್ಯಾಪಕನ ಅಂಕಿಅಂಶವನ್ನು ನಂಬುವುದು ಹೇಗೆ ಎನ್ನುವವರೂ ಇದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಪ್ರದೇಶದ ಪಾಲನ್‌ಪುರದಲ್ಲಿ 1983–84ರಲ್ಲಿ ನೆಲೆಸಿ ಮನೆಮನೆಯ ಲೆಕ್ಕ ಬರೆದುಕೊಂಡ ಈ ಮನುಷ್ಯನಿಗೆ ಪಕ್ಷಪಾತವೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಕಾಮಗಾರಿಯ ಹಾಜರಿ ಪಟ್ಟಿಯಾದ ಮಸ್ಟರ್ ರೋಲ್‌ನ ಹೆಸರುಗಳನ್ನು ಊರವರೆದುರೇ ಕೂಗಿ ಓದುವ ಪದ್ಧತಿಯಲ್ಲಿ ಓದುವವನ ಒಲವು ಏನೇ ಇರಲಿ, ಸತ್ತವನ ಹೆಸರಿನಲ್ಲಿ ಕೂಲಿ ಎತ್ತಿದ್ದರೆ ಜನ ಅಲ್ಲೇ ಹೇಳುತ್ತಾರೆ. ಕಾಯ್ದೆ ಸೋತಿದ್ದು ಸಣ್ಣ ಸಣ್ಣ ಜಾಗಗಳಲ್ಲಿ. ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ, ಇಲ್ಲವಾದರೆ ನಿರುದ್ಯೋಗ ಭತ್ಯೆ ಎಂಬುದು ಆ ಕಾಯ್ದೆಯ ನಿಯಮ. ಅರ್ಜಿಗೆ ದಿನಾಂಕ ಹಾಕಿದ ರಸೀದಿಯನ್ನೇ ಕೊಡದಿದ್ದರೆ ಆ 15 ದಿನ ಶುರುವಾಗುವುದೇ ಇಲ್ಲ.