ಟ್ರ್ಯಾಕ್ಟರಿನ ಆಯಿಲ್ ಎಲ್ಲಿ ಬದಲಿಸಬೇಕು?

ಮೃಗಶಿರಾ ಮಳೆ ಬಿದ್ದು ಹೊಲ ಹದಕ್ಕೆ ಬಂದಿತ್ತು. ನಮ್ಮ ಪಕ್ಕದ ಹೊಲದ ರೈತರು ಮೆಕ್ಕೆಜೋಳದ ಬಿತ್ತನೆಗೆ ಭೂಮಿ ಸಿದ್ಧಗೊಳಿಸಲು ಟ್ರ್ಯಾಕ್ಟರ್ ಇಳಿಸಿದ್ದರು. ಹಿಂದಿನ ದಿನವಷ್ಟೇ ಪೇಟೆಯ ಗ್ಯಾರೇಜೊಂದರಲ್ಲಿ ಎಂಜಿನ್ ಆಯಿಲ್ ಬದಲಿಸಿಕೊಂಡು ಬಂದಿದ್ದರು. ಎರಡು ಗಂಟೆ ಕೆಲಸ ಮಾಡುವಷ್ಟರಲ್ಲಿ ಎಂಜಿನ್ನಿನಿಂದ ಕಟಕಟ ಸದ್ದು ಬಂದು ಗಾಡಿ ನಿಂತಿತು. ಬಗ್ಗಿ ನೋಡಿದರೆ ಚೇಂಬರಿನ ಡ್ರೈನ್ ಬೋಲ್ಟ್ ಸಡಿಲಗೊಂಡು, ಆಯಿಲೆಲ್ಲ ಸಾಲಿನುದ್ದಕ್ಕೂ ಸುರಿದುಹೋಗಿತ್ತು. ಕೆಂಪು ದೀಪ ಹತ್ತಿದ್ದನ್ನು ಬಿಸಿಲಿನ ಝಳದಲ್ಲಿ ಚಾಲಕ ಗಮನಿಸಿರಲಿಲ್ಲ. ಬೇರಿಂಗುಗಳು ಸುಟ್ಟಿದ್ದವು. ಎಂಜಿನ್ ಬಿಚ್ಚಿ ಜೋಡಿಸಿ ಗಾಡಿ ಊರಿಗೆ ಬರುವಷ್ಟರಲ್ಲಿ ಹದ ಆರಿಹೋಗಿತ್ತು. ಬಾಡಿಗೆ ಟ್ರ್ಯಾಕ್ಟರುಗಳೆಲ್ಲ ಬೇರೆಯವರ ಹೊಲದಲ್ಲಿದ್ದವು.

ಆಯಿಲ್ ಬದಲಿಸುವುದು ಅರ್ಧ ಗಂಟೆಯ ಕೆಲಸ. ಅದರಲ್ಲಿ ಆದ ಸಣ್ಣ ತಪ್ಪಿಗೆ ಒಂದು ಹಂಗಾಮೇ ಬಲಿಯಾಯಿತು. ಎತ್ತಿಗೆ ಲಾಳ ಕಟ್ಟಿಸುವಾಗ ನಮ್ಮ ಹಿರಿಯರು ಕಂಡಕಂಡವರ ಕೈಗೆ ಎತ್ತಿನ ಕಾಲು ಕೊಡುತ್ತಿರಲಿಲ್ಲ. ಸಾಲ ಮಾಡಿ ತಂದ ಟ್ರ್ಯಾಕ್ಟರಿನ ವಿಷಯದಲ್ಲಿ ಮಾತ್ರ ಯಾವ ಗ್ಯಾರೇಜು ದಾರಿಯಲ್ಲಿ ಸಿಕ್ಕಿತೋ ಅಲ್ಲಿಗೇ ನುಗ್ಗಿಸುತ್ತೇವೆ. ಹಾಗಾದರೆ ಆಯಿಲನ್ನು ಎಲ್ಲಿ ಬದಲಿಸಬೇಕು? ಕಂಪನಿಯ ವರ್ಕ್‌ಷಾಪಿನಲ್ಲೇ, ಪೇಟೆಯ ಮೆಕ್ಯಾನಿಕ್ ಬಳಿಯೇ ಅಥವಾ ನಮ್ಮ ಮನೆಯಂಗಳದಲ್ಲೇ? ಇವುಗಳ ಸಾಧಕ ಬಾಧಕಗಳನ್ನು ಒಂದೊಂದಾಗಿ ನೋಡೋಣ.

ಎಷ್ಟು ಗಂಟೆಗೊಮ್ಮೆ?

ಮೊದಲು ತಿಳಿಯಬೇಕಾದ್ದು ಆಯಿಲ್ ಬದಲಿಸುವ ಕಾಲ. ಟ್ರ್ಯಾಕ್ಟರಿಗೆ ಕಿಲೋಮೀಟರ್ ಲೆಕ್ಕವಿಲ್ಲ, ಗಂಟೆಯ ಲೆಕ್ಕ. ನಮ್ಮಲ್ಲಿ ಬಳಕೆಯಲ್ಲಿರುವ ಬಹುಪಾಲು ಟ್ರ್ಯಾಕ್ಟರುಗಳಿಗೆ ಸುಮಾರು 250 ಗಂಟೆಗೊಮ್ಮೆ ಎಂಜಿನ್ ಆಯಿಲ್ ಬದಲಿಸಬೇಕು. ಕೆಲವು ಹೊಸ ಮಾದರಿಗಳಿಗೆ ಇನ್ನೂ ಹೆಚ್ಚಿನ ಅವಧಿ ಕೊಟ್ಟಿರುತ್ತಾರೆ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಬರೆದಿರುವುದೇ ಅಂತಿಮ. ದಿನಕ್ಕೆ 8 ಗಂಟೆಯಂತೆ ದುಡಿಸಿದರೆ 250 ಗಂಟೆ ತುಂಬಲು 31 ದಿನ ಸಾಕು. ಬಾಡಿಗೆಗೆ ಓಡುವ ಗಾಡಿಗೆ ಒಂದೇ ಹಂಗಾಮಿನಲ್ಲಿ ಅವಧಿ ಮುಗಿಯಬಹುದು. ಗಂಟೆ ತುಂಬದಿದ್ದರೂ ವರ್ಷಕ್ಕೊಮ್ಮೆ ಬದಲಿಸುವುದು ಒಳಿತು.

ಆಯಿಲ್ ಕಪ್ಪಾಯಿತೆಂದು ಹೆದರುವವರಿದ್ದಾರೆ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಕೂಡ ಕೆಲವೇ ಗಂಟೆಗಳಲ್ಲಿ ಕಪ್ಪಾಗುತ್ತದೆ. ಎಂಜಿನ್ನಿನೊಳಗಿನ ಮಸಿಯನ್ನು ಆಯಿಲ್ ತನ್ನಲ್ಲಿ ಎಳೆದುಕೊಳ್ಳುವುದೇ ಇದಕ್ಕೆ ಕಾರಣ. ಆದ್ದರಿಂದ ಬಣ್ಣ ನೋಡಿ ಆಯಿಲ್ ಕೆಟ್ಟಿದೆ ಎನ್ನುವ ಮೆಕ್ಯಾನಿಕ್‌ಗಿಂತ ಗಂಟೆ ಮೀಟರ್ ನೋಡಿ ಹೇಳುವವನನ್ನು ನಂಬಿರಿ. ಆದರೆ ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ಅದಕ್ಕೆ ನೀರು ಸೇರಿದೆ ಎಂದರ್ಥ. ತಾನಾಗಿ ಮಟ್ಟ ಏರಿ ಡೀಸೆಲ್ ವಾಸನೆ ಬರುತ್ತಿದ್ದರೆ ಡೀಸೆಲ್ ಇಳಿಯುತ್ತಿದೆ. ಇವೆರಡರಲ್ಲಿ ಯಾವುದು ಕಂಡರೂ ಗಾಡಿ ಓಡಿಸದೆ ಕೂಡಲೇ ಕಾರಣ ಹುಡುಕಿಸಬೇಕು.

ಕಂಪನಿಯ ವರ್ಕ್‌ಷಾಪು

ಹೊಸ ಟ್ರ್ಯಾಕ್ಟರಿಗೆ ವಾರಂಟಿ ಇರುವವರೆಗೆ ಡೀಲರರ ವರ್ಕ್‌ಷಾಪೇ ಸರಿಯಾದ ಜಾಗ. ಮೊದಲ ಸರ್ವಿಸ್ ಸಾಮಾನ್ಯವಾಗಿ 50 ಗಂಟೆಗೆ ಬರುತ್ತದೆ. ಹೊಸ ಎಂಜಿನ್ನಿನ ಭಾಗಗಳು ಒಂದಕ್ಕೊಂದು ಉಜ್ಜಿಕೊಂಡು ಹೊಂದಿಕೊಳ್ಳುವಾಗ ಲೋಹದ ಸಣ್ಣ ಪುಡಿ ಆಯಿಲಿಗೆ ಸೇರುತ್ತದೆ. ಅದನ್ನು ಬೇಗ ಹೊರಹಾಕಬೇಕಾದ್ದರಿಂದ ಈ ಸರ್ವಿಸನ್ನು ತಪ್ಪಿಸಲೇಬಾರದು. ಪ್ರತಿ ಸರ್ವಿಸಿಗೂ ಪುಸ್ತಕದಲ್ಲಿ ದಿನಾಂಕ, ಗಂಟೆ, ಮೊಹರು ಹಾಕಿಸಿಕೊಳ್ಳಿ. ಮೊಹರಿಲ್ಲದಿದ್ದರೆ ಮುಂದೆ ಎಂಜಿನ್ ಕೆಟ್ಟಾಗ ವಾರಂಟಿ ನಿರಾಕರಿಸಲು ಕಂಪನಿಗೆ ನೆಪ ಸಿಕ್ಕಂತಾಗುತ್ತದೆ.

ಇಲ್ಲಿರುವ ತೊಂದರೆ ದೂರ ಮತ್ತು ಸರತಿ. ವರ್ಕ್‌ಷಾಪು 40 ಕಿಲೋಮೀಟರ್ ದೂರವಿದ್ದರೆ ಹೋಗಿಬರಲು ಮೂರು ಗಂಟೆಗೂ ಹೆಚ್ಚು ಸಮಯ, ಅಷ್ಟು ಡೀಸೆಲ್, ಜೊತೆಗೆ ಟೈರಿನ ಸವೆತ. ಬಿತ್ತನೆ ಕಾಲದಲ್ಲಿ ದಿನವಿಡೀ ಕಾಯಬೇಕಾದೀತು. ಎಷ್ಟೋ ಡೀಲರರು ಮೆಕ್ಯಾನಿಕ್‌ನನ್ನು ಊರಿಗೇ ಕಳಿಸುತ್ತಾರೆ. ಒಂದೇ ಕಂಪನಿಯ ನಾಲ್ಕಾರು ಟ್ರ್ಯಾಕ್ಟರುಗಳಿರುವ ಊರಿನವರು ಒಟ್ಟಾಗಿ ಕೇಳಿದರೆ ಇದು ಸುಲಭ. ಸುಗ್ಗಿ ಮುಗಿದು ಮುಂಗಾರು ಬರುವ ಮೊದಲಿನ ಬಿಡುವಿನಲ್ಲಿ ಸರ್ವಿಸ್ ಮಾಡಿಸಿಕೊಂಡರೆ ಸರತಿಯ ಕಾಟವೂ ಇರದು.

ಪೇಟೆಯ ಗ್ಯಾರೇಜು

ವಾರಂಟಿ ಮುಗಿದ ಮೇಲೆ ಹೆಚ್ಚಿನವರು ಹೋಗುವುದು ಇಲ್ಲಿಗೇ. ತಪ್ಪೇನಿಲ್ಲ. ಕೂಲಿ ಕಡಿಮೆ, ಊರಿಗೆ ಹತ್ತಿರ, ರಾತ್ರಿ ಕರೆದರೂ ಹೊಲಕ್ಕೆ ಬರುವ ಮೆಕ್ಯಾನಿಕ್ ಇವನೇ. ಆದರೆ ಕೆಲಸದಲ್ಲಿ ಎಲ್ಲರೂ ಒಂದೇ ಅಲ್ಲ. ಆರಿಸುವ ಮುನ್ನ ಈ ಕೆಲವನ್ನು ಗಮನಿಸಿ.

ಗಂಟೆ ಮೀಟರ್ ನೋಡುತ್ತಾನೆಯೇ? ನಿಮ್ಮ ಗಾಡಿಯ ಪುಸ್ತಕದಲ್ಲಿ ಯಾವ ದರ್ಜೆಯ ಆಯಿಲ್ ಹೇಳಿದೆ ಎಂದು ಕೇಳುತ್ತಾನೆಯೇ? 15ಡಬ್ಲ್ಯು-40, 20ಡಬ್ಲ್ಯು-40 ಎಂಬ ಅಂಕಿಗಳು ಆಯಿಲಿನ ಗಟ್ಟಿತನವನ್ನು ಸೂಚಿಸುತ್ತವೆ. ಅದರ ಪಕ್ಕದಲ್ಲಿ ಸಿಎಫ್-4, ಸಿಐ-4 ಎಂಬಂತೆ ಇರುವ ಅಕ್ಷರಗಳು ಗುಣಮಟ್ಟವನ್ನು ಹೇಳುತ್ತವೆ. ಇವೆರಡೂ ಪುಸ್ತಕಕ್ಕೆ ಹೊಂದಬೇಕು. ‘ಎಲ್ಲ ಗಾಡಿಗೂ ಇದನ್ನೇ ಹಾಕುತ್ತೇವೆ’ ಎಂದು ಬ್ಯಾರೆಲ್ಲಿನಿಂದ ಬಿಡಿ ಆಯಿಲ್ ಹಿಡಿಯುವಲ್ಲಿ ನಿಲ್ಲಬೇಡಿ. ಆ ಬ್ಯಾರೆಲ್ಲಿನೊಳಗೆ ಏನಿದೆಯೆಂದು ತಿಳಿಯುವ ಉಪಾಯ ನಮಗಿಲ್ಲ.

ಹಳೆಯ ಫಿಲ್ಟರನ್ನು ಡೀಸೆಲ್ಲಿನಲ್ಲಿ ಜಾಲಿಸಿ ಮತ್ತೆ ಹಾಕುವ ರೂಢಿ ಕೆಲವೆಡೆ ಇದೆ. ಇದರಿಂದ ಉಳಿಯುವ ಹಣ ಅತ್ಯಲ್ಪ, ಆಗುವ ಹಾನಿ ದೊಡ್ಡದು. ಕಾಗದದ ಫಿಲ್ಟರ್ ತೊಳೆದರೆ ಶುದ್ಧವಾಗುವುದಿಲ್ಲ, ಹರಿಯುವ ಸಂಭವವೇ ಹೆಚ್ಚು. ಆಯಿಲ್ ಬದಲಿಸಿದಾಗಲೆಲ್ಲ ಪುಸ್ತಕದಲ್ಲಿ ಹೇಳಿದಂತೆ ಹೊಸ ಫಿಲ್ಟರನ್ನೇ ಹಾಕಿಸಿ. ಡ್ರೈನ್ ಬೋಲ್ಟಿನ ವಾಷರ್ ಚಪ್ಪಟೆಯಾಗಿದ್ದರೆ ಅದನ್ನೂ ಬದಲಿಸಿ.

ಎಲ್ಲಕ್ಕಿಂತ ಮುಖ್ಯವಾಗಿ, ನೀವು ಪಕ್ಕದಲ್ಲಿ ನಿಂತು ನೋಡಿದರೆ ಆತನಿಗೆ ಬೇಸರವಾಗುತ್ತದೆಯೇ? ಬೇಸರಪಡುವವನಿದ್ದರೆ ಬೇರೆ ಗ್ಯಾರೇಜು ನೋಡುವುದು ಮೇಲು.

ಆಯಿಲ್ ಕೊಳ್ಳುವಾಗ

ನಂಬಿಕೆಯ ಅಂಗಡಿಯಲ್ಲಿ ಸೀಲು ಒಡೆಯದ ಡಬ್ಬಿಯನ್ನೇ ಕೊಳ್ಳಿ. ತಯಾರಿಕೆಯ ತಿಂಗಳು, ಬ್ಯಾಚ್ ಸಂಖ್ಯೆ, ಗರಿಷ್ಠ ಬೆಲೆ ಸ್ಪಷ್ಟವಾಗಿ ಅಚ್ಚಾಗಿರಬೇಕು. ಮುಚ್ಚಳವನ್ನು ನಿಮ್ಮೆದುರಿಗೇ ತೆರೆಸಿ. ಖಾಲಿ ಡಬ್ಬಿಯನ್ನು ಗ್ಯಾರೇಜಿನಲ್ಲಿ ಹಾಗೆಯೇ ಬಿಟ್ಟು ಬರಬಾರದು. ನಕಲಿ ಆಯಿಲ್ ತುಂಬಿ ಮಾರುವವರಿಗೆ ಬೇಕಾದ್ದು ಇಂಥ ಅಸಲಿ ಡಬ್ಬಿಗಳೇ. ತೂತು ಮಾಡಿದರೆ ಅದು ಅವರ ಉಪಯೋಗಕ್ಕೆ ಬಾರದು.

ಆಯಿಲ್, ಫಿಲ್ಟರ್, ಕೂಲಿ ಮೂರಕ್ಕೂ ರಸೀದಿ ಪಡೆಯಿರಿ. ಗಂಟೆ ಮೀಟರಿನ ಅಂಕಿಯನ್ನು ಅದರ ಮೇಲೆ ಬರೆಸಿ. ಕೆಲಸದ ದೋಷದಿಂದ ನಷ್ಟವಾದರೆ, ಜೀವನೋಪಾಯಕ್ಕಾಗಿ ಸ್ವಂತ ಬೇಸಾಯ ಮಾಡುವ ರೈತ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಬಾಯಿಮಾತಿನ ವ್ಯವಹಾರಕ್ಕೆ ಅಲ್ಲಿ ಬಲವಿರುವುದಿಲ್ಲ.

ಮನೆಯಂಗಳದಲ್ಲಿ

ಕೈಕೆಲಸ ಬಲ್ಲವರು ಆಯಿಲನ್ನು ತಾವೇ ಬದಲಿಸಬಹುದು. ಹದವಾದ ಸ್ಪ್ಯಾನರುಗಳು, ಅಗಲವಾದ ತೊಟ್ಟಿ, ಶುಭ್ರವಾದ ಬಟ್ಟೆ ಮತ್ತು ಲಾಳಿಕೆ ಇದ್ದರೆ ಸಾಕು. ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಎಂಜಿನ್ ಬೆಚ್ಚಗಿರುವಾಗಲೇ ಆಫ್ ಮಾಡಿ ಆಯಿಲ್ ಇಳಿಸಿದರೆ ಕೊಳೆಯೂ ಜೊತೆಗೇ ಬರುತ್ತದೆ. ಕೈ ಸುಟ್ಟುಕೊಳ್ಳದಂತೆ ಎಚ್ಚರ ವಹಿಸಿ. ಪೂರ್ತಿ ಬಸಿಯುವವರೆಗೆ ಬಿಡಿ.

ತಿರುಗಿಸಿ ಹಾಕುವ ಫಿಲ್ಟರಾದರೆ ಅದರ ರಬ್ಬರ್ ಉಂಗುರಕ್ಕೆ ಹೊಸ ಆಯಿಲ್ ಸವರಿ ಕೈಯಿಂದಲೇ ಬಿಗಿ ಮಾಡಬೇಕು. ಡ್ರೈನ್ ಬೋಲ್ಟನ್ನು ಮೊದಲು ಬೆರಳಿನಿಂದ ಕೂರಿಸಿ, ಆಮೇಲೆ ಸ್ಪ್ಯಾನರಿನಿಂದ ಬಿಗಿಯಿರಿ. ಸಡಿಲವಾದರೆ ಸೋರುತ್ತದೆ, ಅತಿಯಾದರೆ ಮರೆ ಕೆಡುತ್ತದೆ. ಆಯಿಲ್ ತುಂಬುವ ಮುಚ್ಚಳದ ಸುತ್ತ ಇರುವ ದೂಳನ್ನು ಒರೆಸದೆ ಅದನ್ನು ತೆರೆಯಬೇಡಿ. ಎಂಜಿನ್ ಹಚ್ಚಿ, ವೇಗ ಹೆಚ್ಚಿಸದೆ ಒಂದೆರಡು ನಿಮಿಷ ಬಿಡಿ. ಕೆಂಪು ದೀಪ ಆರಬೇಕು. ಆರದಿದ್ದರೆ ತಕ್ಷಣ ನಿಲ್ಲಿಸಿ. ಆಮೇಲೆ ಎಂಜಿನ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಅಳತೆ ಕಡ್ಡಿ ಎಳೆದು ನೋಡಿದಾಗ ಮಟ್ಟ ಎರಡು ಗುರುತುಗಳ ನಡುವೆ ಇರಬೇಕು.

ಇವನ್ನು ಕ್ರಮವಾಗಿ ಕಲಿಯಬಯಸುವವರಿಗೆ ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. 1983ರಲ್ಲಿ ಸ್ಥಾಪನೆಯಾದ ಇಲ್ಲಿ ದಕ್ಷಿಣ ರಾಜ್ಯಗಳ ರೈತರಿಗೆ ಟ್ರ್ಯಾಕ್ಟರಿನ ನಿರ್ವಹಣೆಯನ್ನು ಕಲಿಸುತ್ತಾರೆ.

ಹಳೆಯ ಆಯಿಲ್ ಏನು ಮಾಡಬೇಕು?

ಮನೆಯಲ್ಲಿ ಬದಲಿಸುವವರಿಗೆ ಇದೇ ದೊಡ್ಡ ಸಮಸ್ಯೆ. ಬಾವಿಯ ಹತ್ತಿರ, ಕಾಲುವೆಯ ಬದಿಯಲ್ಲಿ ಸುರಿದರೆ ಕುಡಿಯುವ ನೀರೇ ಕೆಡುತ್ತದೆ. ದನಗಳ ಗಾಯಕ್ಕೆ ಹಚ್ಚುವ ಅಭ್ಯಾಸವನ್ನೂ ಬಿಡಬೇಕು. ಬಳಸಿದ ಆಯಿಲಿನಲ್ಲಿ ಲೋಹದ ಅಂಶ, ಮಸಿ ಮತ್ತು ಚರ್ಮಕ್ಕೆ ಹಾನಿ ಮಾಡುವ ವಸ್ತುಗಳಿರುತ್ತವೆ. ದನ ಅದನ್ನು ನೆಕ್ಕುತ್ತದೆ. ನಮ್ಮ ಕಾನೂನಿನಲ್ಲಿ ಇದು ಅಪಾಯಕಾರಿ ತ್ಯಾಜ್ಯ. ಬಳಸಿದ ಆಯಿಲನ್ನು ಮರುಸಂಸ್ಕರಣೆಗೆ ಸೇರಿಸುವ ಹೊಣೆಯನ್ನು 2023ರಲ್ಲಿ ತಿದ್ದುಪಡಿಯಾದ ನಿಯಮಗಳು 2024ರ ಏಪ್ರಿಲ್‌ನಿಂದ ತಯಾರಕರ ಮೇಲೆ ಹೊರಿಸಿವೆ. ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು, ಅದನ್ನು ಸಂಗ್ರಹಿಸುವ ವರ್ಕ್‌ಷಾಪಿಗೆ ಕೊಡುವುದು ಸರಿಯಾದ ಕ್ರಮ.

ಕೊನೆಯದಾಗಿ

ವಾರಂಟಿ ಇರುವಾಗ ಕಂಪನಿಯ ವರ್ಕ್‌ಷಾಪು. ಮುಗಿದ ಮೇಲೆ ಸರಿಯಾದ ಆಯಿಲ್ ಹಾಕಿ, ಹೊಸ ಫಿಲ್ಟರ್ ಜೋಡಿಸಿ, ರಸೀದಿ ಕೊಡುವ ಗ್ಯಾರೇಜು. ಹಳೆಯ ಆಯಿಲನ್ನು ಸರಿಯಾಗಿ ವಿಲೇವಾರಿ ಮಾಡಬಲ್ಲವರಿಗೆ ಮನೆಯಂಗಳ. ಎಲ್ಲಿ ಮಾಡಿಸಿದರೂ ಗಾಡಿಯ ಒಡೆಯ ಎದುರಿಗೆ ಇರಲೇಬೇಕು. ಮರುದಿನ ಬೆಳಿಗ್ಗೆ ಹೊಲಕ್ಕೆ ಹೊರಡುವ ಮೊದಲು ಗಾಡಿಯಡಿ ಬಗ್ಗಿ ನೋಡಿ, ಅಳತೆ ಕಡ್ಡಿ ಎಳೆಯಬೇಕು. ಈ ಎರಡು ನಿಮಿಷದ ಕೆಲಸವನ್ನು ಯಾವ ಗ್ಯಾರೇಜೂ ನಮ್ಮ ಪರವಾಗಿ ಮಾಡಲಾರದು.

ನಮ್ಮ ಪಕ್ಕದ ಹೊಲದವರು ಈಗಲೂ ಅದೇ ಗ್ಯಾರೇಜಿಗೆ ಹೋಗುತ್ತಾರೆ. ಅಂದು ಆಯಿಲ್ ಬದಲಾಗುತ್ತಿದ್ದಾಗ ಅವರು ಗೊಬ್ಬರದ ಅಂಗಡಿಯಲ್ಲಿದ್ದರು. ಈಗ ಗೊಬ್ಬರ ಮೊದಲೇ ಕೊಂಡು, ಕೆಲಸ ಮುಗಿಯುವವರೆಗೆ ಗಾಡಿಯ ಪಕ್ಕದಲ್ಲೇ ನಿಲ್ಲುತ್ತಾರೆ. ಡ್ರೈನ್ ಬೋಲ್ಟಿಗೆ ಕೊನೆಯ ಸ್ಪ್ಯಾನರ್ ಹಾಕುವವರು ಅವರೇ.